ಹೆಸರು ಮೊದಲು, ಟಿಸಿ ಕೊನೆಗೆ: ಎಸ್‌ಎಸ್‌ಎಲ್‌ಸಿಯಿಂದ ಮೊದಲ ಕೆಲಸದವರೆಗೆ ದಾಖಲೆ ಹೊಂದಿಸುವ ಕ್ರಮ

ಫಲಿತಾಂಶ ಬಂದ ಮೇಲೆ ಮಂಡ್ಯ, ಮದ್ದೂರು, ಪಾಂಡವಪುರ ಕಡೆಯ ಮನೆಗಳಲ್ಲಿ ಮೂರು ಗೋಳು ಕೇಳಿಸುತ್ತವೆ. ಸೀಟು ಸಿಕ್ಕಿದೆ, ಟಿಸಿ (ವರ್ಗಾವಣೆ ಪತ್ರ) ಸಿಕ್ಕಿಲ್ಲ. ಕಾಲೇಜು ಸೇರಿ ವರ್ಷವಾಯಿತು, ಸ್ಕಾಲರ್‌ಶಿಪ್ ಬಂದಿಲ್ಲ. ಕಂಪನಿಯಲ್ಲಿ ಆಯ್ಕೆ ಆಗಿದೆ, ಆದರೆ ಆಧಾರ್‌ನಲ್ಲಿರುವ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ತಾಳೆ ಆಗುತ್ತಿಲ್ಲ.

ಈ ಮೂರರಲ್ಲೂ ಮಕ್ಕಳಿಗೆ ಅಂಕ ಕಡಿಮೆ ಬಿದ್ದಿರುವುದಿಲ್ಲ. ಮಾಡಬೇಕಾದ ಕೆಲಸಗಳನ್ನು ಹಿಂದುಮುಂದು ಮಾಡಿರುತ್ತಾರೆ ಅಷ್ಟೇ. ಹೆಚ್ಚಿನವರು ಮೊದಲು ಟಿಸಿ ತರಲು ಓಡುತ್ತಾರೆ. ಆಮೇಲೆ ಸೀಟು ನೋಡುತ್ತಾರೆ. ಹೆಸರಿನ ತಪ್ಪು ಕಣ್ಣಿಗೆ ಬೀಳುವುದು ಕಟ್ಟಕಡೆಗೆ. ಸರಿಯಾದ ಕ್ರಮ ಇದಕ್ಕೆ ಹೆಚ್ಚುಕಡಿಮೆ ಉಲ್ಟಾ.

ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ಒಂದು ಮೊಬೈಲ್ ನಂಬರ್ ಬೇಕು. ಮುಂದಿನ ಏಳೆಂಟು ವರ್ಷ ಬದಲಾಗದ ನಂಬರ್ ಆಗಿರಬೇಕು. ಅದೇ ನಂಬರ್ ಆಧಾರ್‌ಗೂ ಜೋಡಣೆ ಆಗಿರಬೇಕು. ವಿದ್ಯಾರ್ಥಿಯ ಹೆಸರಲ್ಲೇ ಒಂದು ಇಮೇಲ್ ಮಾಡಿ, ಪಾಸ್‌ವರ್ಡ್ ಅನ್ನು ಮನೆಯ ಡೈರಿಯಲ್ಲಿ ಬರೆದಿಡಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಸೈಬರ್ ಸೆಂಟರ್‌ನವರು ಆತುರದಲ್ಲಿ ಅರ್ಜಿಗೆ ತಮ್ಮದೇ ಇಮೇಲ್, ತಮ್ಮದೇ ನಂಬರ್ ಹಾಕಿಬಿಡುತ್ತಾರೆ. ಆರು ತಿಂಗಳಾದ ಮೇಲೆ ಒಟಿಪಿ ಅವರ ಫೋನಿಗೆ ಹೋಗುತ್ತದೆ, ಅಂಗಡಿ ಬಾಗಿಲು ಹಾಕಿರುತ್ತದೆ. ಅರ್ಜಿ ಅವರೇ ತುಂಬಲಿ, ನಂಬರ್ ಮಾತ್ರ ನಿಮ್ಮದೇ ಇರಲಿ.

ಸ್ಯಾಟ್ಸ್ ಸಂಖ್ಯೆಯನ್ನು ಶಾಲೆಯಿಂದ ಬರೆಸಿಕೊಳ್ಳಿ. ಇದು ರಾಜ್ಯದ ಶಾಲಾ ಮಕ್ಕಳಿಗೆಲ್ಲ ಇಲಾಖೆ ಕೊಟ್ಟಿರುವ ಗುರುತಿನ ಸಂಖ್ಯೆ. ಪಿಯು ಸೇರುವಾಗ ಬೇಕು, ಸ್ಕಾಲರ್‌ಶಿಪ್‌ಗೂ ಬೇಕು, ಸಿಇಟಿ ಅರ್ಜಿಗೂ ಬೇಕು. ಡಿಜಿಲಾಕರ್ ಖಾತೆಯನ್ನೂ ಈಗಲೇ ತೆರೆಯಿರಿ. ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿಗಳು ಅಲ್ಲಿ ಸಿಗುತ್ತವೆ.

ಹಂತ 1: ಹೆಸರು, ಹುಟ್ಟಿದ ದಿನಾಂಕ ತಾಳೆ ನೋಡಿ

ಆಧಾರ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಡಿ. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿ. ಸುಮ್ನೆ ಕಣ್ಣಾಡಿಸಿದರೆ ಸಾಲದು.

ನಮ್ಮ ಕಡೆ ಗಲಾಟೆ ಜಾಸ್ತಿ ಆಗುವುದು ಇನಿಷಿಯಲ್‌ನಿಂದ. ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ ಎಸ್’ ಅಂತ ಇರುತ್ತದೆ. ಆಧಾರ್‌ನಲ್ಲಿ ಬರೀ ‘ಮಂಜುನಾಥ’. ಬ್ಯಾಂಕಿನವರು ಊರ ಹೆಸರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದಿರುತ್ತಾರೆ. ಮನುಷ್ಯರಿಗೆ ಇದು ಒಬ್ಬನೇ ಹುಡುಗ ಅಂತ ಗೊತ್ತಾಗುತ್ತದೆ. ಕಂಪ್ಯೂಟರ್‌ಗೆ ಮೂವರು.

ಯಾವುದನ್ನು ಯಾವುದಕ್ಕೆ ಹೊಂದಿಸಬೇಕು? ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೇ ಬುಡ. ಅದರಲ್ಲಿರುವ ಹೆಸರು ಸರಿ ಇದ್ದರೆ ಆಧಾರ್ ಅನ್ನು ಅದಕ್ಕೆ ಹೊಂದಿಸಿ, ಆಮೇಲೆ ಬ್ಯಾಂಕ್, ಆಮೇಲೆ ಪ್ಯಾನ್. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಹಾಗಾಗಿ ಆಧಾರ್ ಕೇಂದ್ರದಲ್ಲಿ ಸಹಿ ಹಾಕುವ ಮುಂಚೆ ಸ್ಕ್ರೀನ್ ಮೇಲಿನ ಅಕ್ಷರಗಳನ್ನು ನೀವೇ ಓದಿ.

ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಓದಿದ ಶಾಲೆಯ ಮುಖ್ಯ ಶಿಕ್ಷಕರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗಬೇಕು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಸರಿ ಇದ್ದು ಅಂಕಪಟ್ಟಿಯಲ್ಲಿ ಮಾತ್ರ ತಪ್ಪಾಗಿದ್ದರೆ ಕೆಲಸ ಸುಲಭ. ದಾಖಲಾತಿಯಲ್ಲೇ ಹುಟ್ಟಿದ ದಿನಾಂಕ ತಪ್ಪಿದ್ದರೆ ಕೋರ್ಟ್ ಮೆಟ್ಟಿಲು ಹತ್ತಬೇಕಾಗಬಹುದು. ಮಗು ಇನ್ನೂ ಒಂಬತ್ತನೇ ತರಗತಿಯಲ್ಲಿದ್ದರೆ ಇವತ್ತೇ ಶಾಲೆಗೆ ಹೋಗಿ ನೋಡಿ. ಹತ್ತನೇ ತರಗತಿ ಪರೀಕ್ಷೆಗೆ ಹೆಸರು ಕಳಿಸುವಾಗ ಶಾಲೆಯವರು ಒಂದು ಪಟ್ಟಿ ತೋರಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಸಹಿ ಬಹಳ ದುಬಾರಿ. ಓದದೆ ಹಾಕಬೇಡಿ.

ಹಂತ 2: ನಾಡಕಚೇರಿ ಕೆಲಸ ಏಪ್ರಿಲ್‌ನಲ್ಲೇ ಮುಗಿಸಿ

ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಿಮ್ಮ ಹೋಬಳಿಯ ನಾಡಕಚೇರಿ. ಫೋನಿನಲ್ಲೂ ಅರ್ಜಿ ಹಾಕಬಹುದು. ಜೂನ್‌ನಲ್ಲಿ ಊರಿಗೆ ಊರೇ ಅರ್ಜಿ ಹಾಕುತ್ತದೆ. ಸರ್ವರ್ ನಿಧಾನ, ಗ್ರಾಮ ಆಡಳಿತಾಧಿಕಾರಿ ಸಿಗುವುದು ಕಷ್ಟ. ಪರೀಕ್ಷೆ ಮುಗಿದ ವಾರವೇ ಈ ಕೆಲಸ ಮಾಡಿ.

2ಎ, 2ಬಿ, 3ಎ, 3ಬಿ ಪ್ರವರ್ಗದವರಿಗೆ ಜಾತಿ ಮತ್ತು ಆದಾಯ ಒಂದೇ ಪತ್ರದಲ್ಲಿ ಬರುತ್ತದೆ. ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ರವರಿಗೆ ಜಾತಿ ಪತ್ರ ಬೇರೆ, ಆದಾಯ ಪತ್ರ ಬೇರೆ. ಇವರಲ್ಲಿ ಅನೇಕರು ಜಾತಿ ಪತ್ರ ಒಂದನ್ನೇ ಮಾಡಿಸಿ ಸುಮ್ಮನಾಗುತ್ತಾರೆ. ಸ್ಕಾಲರ್‌ಶಿಪ್ ಅರ್ಜಿ ತುಂಬುವಾಗ ಆದಾಯ ಪತ್ರದ ಸಂಖ್ಯೆ ಕೇಳಿದಾಗ ಗೊತ್ತಾಗುತ್ತದೆ. ಆದಾಯ ಪತ್ರಕ್ಕೆ 5 ವರ್ಷದ ಅವಧಿ. ಎಂಟನೇ ತರಗತಿಯಲ್ಲಿ ಮಾಡಿಸಿದ್ದು ಡಿಗ್ರಿ ಮೊದಲ ವರ್ಷದ ಹೊತ್ತಿಗೆ ಕೈಕೊಡುತ್ತದೆ. ತಾರೀಕು ನೋಡಿಕೊಳ್ಳಿ.

ಪತ್ರ ಕೈಗೆ ಬಂದ ತಕ್ಷಣ ಮೂರು ನೋಡಿ. ಪತ್ರ ವಿದ್ಯಾರ್ಥಿಯ ಹೆಸರಲ್ಲೇ ಇದೆಯಾ? ಅಪ್ಪನ ಹೆಸರಲ್ಲಿ ಮಾಡಿಸಿದ ಪತ್ರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹೆಸರಿನ ಅಕ್ಷರ ಅಂಕಪಟ್ಟಿಯಂತೆಯೇ ಇದೆಯಾ? ‘ಆರ್‌ಡಿ’ಯಿಂದ ಶುರುವಾಗುವ ಸಂಖ್ಯೆ ಸ್ಪಷ್ಟವಾಗಿ ಕಾಣುತ್ತದೆಯಾ? ಸಿಇಟಿ ಅರ್ಜಿಯಲ್ಲೂ ಸ್ಕಾಲರ್‌ಶಿಪ್ ಅರ್ಜಿಯಲ್ಲೂ ಈ ಸಂಖ್ಯೆ ಹಾಕಿದರೆ ಸಾಕು, ವಿವರ ತಾನಾಗಿ ಬರುತ್ತದೆ. ಹೆಸರು ಹೊಂದದಿದ್ದರೆ ಮೀಸಲಾತಿ ಕೈತಪ್ಪಿ ಸಾಮಾನ್ಯ ಪಟ್ಟಿಗೆ ಬೀಳುತ್ತೀರಿ.

ನೀಟ್, ಕೇಂದ್ರ ಸರ್ಕಾರದ ಕಾಲೇಜು, ರೈಲ್ವೆ ಇವುಗಳ ಮೇಲೆ ಕಣ್ಣಿದ್ದರೆ ಕೇಂದ್ರದ ಒಬಿಸಿ ಪತ್ರ ಬೇರೆಯೇ ಮಾಡಿಸಬೇಕು. ರಾಜ್ಯದ ಪತ್ರವನ್ನು ಅಲ್ಲಿ ಒಪ್ಪುವುದಿಲ್ಲ.

ಹಂತ 3: ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣ ಪತ್ರ, ಕನ್ನಡ ಮಾಧ್ಯಮ ಪತ್ರ

ಶಾಲೆ ಬಿಡುವ ಮುಂಚೆಯೇ ಈ ಮೂರನ್ನೂ ಮಾಡಿಸಿಟ್ಟುಕೊಳ್ಳಿ. ಆಮೇಲೆ ಮುಖ್ಯ ಶಿಕ್ಷಕರು ವರ್ಗವಾಗುತ್ತಾರೆ, ಒಮ್ಮೊಮ್ಮೆ ಶಾಲೆಯೇ ಮುಚ್ಚಿಹೋಗುತ್ತದೆ.

ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಮನೆ ಹಳ್ಳಿಯಲ್ಲಿದ್ದರೆ ಆಯಿತು ಅಂದುಕೊಂಡವರು ಬಹಳ. ಲೆಕ್ಕಕ್ಕೆ ಬರುವುದು ಶಾಲೆ ಇರುವ ಜಾಗ. ಹಳ್ಳಿಯಿಂದ ದಿನಾ ವ್ಯಾನ್ ಹತ್ತಿ ಮಂಡ್ಯ ನಗರದ ಶಾಲೆಗೆ ಹೋದ ಮಗುವಿಗೆ ಇದು ಸಿಗುವುದಿಲ್ಲ. ಕನ್ನಡ ಮಾಧ್ಯಮಕ್ಕೂ ಹತ್ತು ವರ್ಷದ ಲೆಕ್ಕವೇ. ಎರಡು ಮೂರು ಶಾಲೆ ಬದಲಾಯಿಸಿದ್ದರೆ ಪ್ರತಿ ಶಾಲೆಯಿಂದಲೂ ಬೇರೆ ಬೇರೆ ಪತ್ರ ತರಬೇಕು. ಮುಖ್ಯ ಶಿಕ್ಷಕರ ಸಹಿಯ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು.

ಸಿಇಟಿಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಸೀಟು ಇದೆ. ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25, ಕನ್ನಡ ಮಾಧ್ಯಮದವರಿಗೆ ಶೇ. 5. ಅಂದರೆ ಈ ಪತ್ರದ ನಿಜವಾದ ಉಪಯೋಗ ಕೆಲಸ ಹುಡುಕುವಾಗ. ಆದರೆ ನಮೂನೆ ಬೇರೆ ಬೇರೆ. ಸಿಇಟಿಗೆ ಮಾಡಿಸಿದ್ದನ್ನೇ ಕೆಪಿಎಸ್‌ಸಿ (ರಾಜ್ಯ ಲೋಕಸೇವಾ ಆಯೋಗ) ಪರಿಶೀಲನೆಗೆ ಒಯ್ದು ವಾಪಸ್ ಬಂದವರಿದ್ದಾರೆ. ಅಧಿಸೂಚನೆಯ ಕೊನೆಯ ಪುಟಗಳಲ್ಲಿ ಇರುವ ನಮೂನೆಯನ್ನೇ ಪ್ರಿಂಟ್ ತೆಗೆದು ಸಹಿ ಮಾಡಿಸಿ.

ಹಂತ 4: ಸೇರುವ ದಾರಿಯಿಂದ ಹೊರಬರುವ ಬಾಗಿಲು ಯಾವುದು ನೋಡಿ

ಇಲ್ಲಿ ಯಾವ ಕೋರ್ಸ್ ಒಳ್ಳೆಯದು ಅಂತ ಹೇಳಲು ಹೋಗುವುದಿಲ್ಲ. ನೋಡಬೇಕಾದದ್ದು ಒಂದೇ. ಈ ದಾರಿ ಹಿಡಿದರೆ ಮುಂದೆ ಬದಲಾಯಿಸಲು ಎಲ್ಲಿ ಬಾಗಿಲಿದೆ?

ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಪಿಯುಸಿ ವಿಜ್ಞಾನ ಮುಗಿಸಿದವರಿಗೂ ಆ ಬಾಗಿಲು ಇದೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಮನೆಯಲ್ಲಿ ದುಡ್ಡು ಕಡಿಮೆ ಇದ್ದು, ಬೇಗ ದುಡಿಯಬೇಕು, ಆದರೂ ಓದು ನಿಲ್ಲಬಾರದು ಅನ್ನುವ ಹುಡುಗ ಹುಡುಗಿಯರಿಗೆ ಡಿಪ್ಲೊಮಾ ದಾರಿ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಮೂರನೇ ವರ್ಷ ಮುಗಿದಾಗ ಕೈಯಲ್ಲಿ ಕೆಲಸದ ಅರ್ಹತೆಯೂ ಇರುತ್ತದೆ, ಮುಂದಕ್ಕೆ ದಾರಿಯೂ ಇರುತ್ತದೆ.

ಪಿಯುಸಿಯಲ್ಲಿ ಕಾಂಬಿನೇಷನ್ ನೋಡಿ ಆರಿಸಿ. ಭೌತಶಾಸ್ತ್ರ, ಗಣಿತ ಬಿಟ್ಟರೆ ಇಂಜಿನಿಯರಿಂಗ್ ಇಲ್ಲ. ಜೀವಶಾಸ್ತ್ರ ಬಿಟ್ಟರೆ ವೈದ್ಯಕೀಯ ಇಲ್ಲ. ಸ್ನೇಹಿತರು ಸೇರಿದರು ಅಂತ ಸೇರಿ ಜುಲೈನಲ್ಲಿ ಕಾಂಬಿನೇಷನ್ ಬದಲಿಸಲು ಓಡಾಡುವವರೇ ಜಾಸ್ತಿ.

ಫೇಲಾದರೆ? ಈಗ ಎಸ್‌ಎಸ್‌ಎಲ್‌ಸಿ, ಪಿಯುಸಿ ಎರಡಕ್ಕೂ ಒಂದೇ ವರ್ಷದಲ್ಲಿ ಪರೀಕ್ಷೆ 2 ಅಂತ ಇನ್ನೊಂದು ಅವಕಾಶ ಇದೆ. ಕೊನೆಯ ದಿನಾಂಕ ತಪ್ಪಿಸಿಕೊಳ್ಳಬೇಡಿ. ಒಂದು ವರ್ಷ ಉಳಿಯುತ್ತದೆ.

ಹಂತ 5: ಸೀಟು ಹಿಡಿಯಿರಿ

ಪಿಯುಸಿಗೆ ಆಯಾ ಕಾಲೇಜಿನಲ್ಲೇ ಅರ್ಜಿ. ಮೈಸೂರು ವಿಶ್ವವಿದ್ಯಾನಿಲಯ, ಮಂಡ್ಯ ವಿಶ್ವವಿದ್ಯಾನಿಲಯದ ಕಾಲೇಜುಗಳಲ್ಲಿ ಡಿಗ್ರಿಗೆ ಯುಯುಸಿಎಂಎಸ್ ಪೋರ್ಟಲ್. ಇಂಜಿನಿಯರಿಂಗ್, ಕೃಷಿ, ಫಾರ್ಮಸಿ ಇತ್ಯಾದಿಗೆ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಪಿಯುಸಿಯಲ್ಲಿ ಅಷ್ಟೇನೂ ತಲೆನೋವಿಲ್ಲ. ಜನ ಎಡವುವುದು ಕೆಇಎಯಲ್ಲಿ.

ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು, ಕೋರ್ಸ್‌ಗಳ ಪಟ್ಟಿ ತುಂಬುವಾಗ, ನಿಮಗೆ ಅತಿ ಹೆಚ್ಚು ಬೇಕಾದದ್ದು ಮೊದಲನೆಯದಾಗಿರಬೇಕು. ‘ನಮ್ಮ ರ‍್ಯಾಂಕಿಗೆ ಅದು ಸಿಗಲ್ಲ, ಕೆಳಗೆ ಹಾಕೋಣ’ ಅಂತ ಲೆಕ್ಕ ಹಾಕಬೇಡಿ. ಮೇಲಿನದು ಸಿಗದಿದ್ದರೆ ಯಂತ್ರ ತಾನಾಗಿ ಕೆಳಗಿನದಕ್ಕೆ ಬರುತ್ತದೆ. ಮನೆಯಿಂದ ಓಡಾಡಿಕೊಂಡು ಮಂಡ್ಯದ ಪಿಇಎಸ್‌ನಲ್ಲಿ ಓದುವುದೇ ನಿಮಗೆ ಸರಿ ಅನಿಸಿದರೆ ಅದನ್ನು ಮೈಸೂರಿನ ಎನ್‌ಐಇಗಿಂತ ಮೇಲೆ ಹಾಕಿ. ಊರಿನವರು ಏನಂತಾರೆ ಅಂತ ಪಟ್ಟಿ ಮಾಡಬೇಡಿ. ಸಿಕ್ಕಿದರೂ ಸೇರುವುದಿಲ್ಲ ಅನ್ನುವ ಕಾಲೇಜನ್ನು ಪಟ್ಟಿಗೇ ಸೇರಿಸಬೇಡಿ.

ಸೀಟು ಹಂಚಿಕೆ ಆದ ಮೇಲೆ ನಾಲ್ಕು ಛಾಯ್ಸ್ ಬರುತ್ತವೆ. 1 ಅಂದರೆ ಒಪ್ಪಿಗೆ, ಸೇರುತ್ತೇನೆ. 2 ಅಂದರೆ ಇದು ಇರಲಿ, ಇದಕ್ಕಿಂತ ಮೇಲಿನದಕ್ಕೆ ಇನ್ನೊಂದು ಸುತ್ತು ನೋಡುತ್ತೇನೆ. 3 ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. 4 ಅಂದರೆ ಹೊರಗೆ ಹೋಗುತ್ತೇನೆ. ಎರಡಕ್ಕೂ ಮೂರಕ್ಕೂ ಗೊಂದಲ ಮಾಡಿಕೊಂಡು ಕೈಯಲ್ಲಿದ್ದ ಸೀಟು ಕಳೆದುಕೊಂಡವರು ಪ್ರತಿ ವರ್ಷ ಸಿಗುತ್ತಾರೆ. ಛಾಯ್ಸ್ 2ರಲ್ಲೂ ಒಂದು ಮಾತು ನೆನಪಿರಲಿ. ಮೇಲಿನ ಆಪ್ಷನ್ ಸಿಕ್ಕಿದ ಕೂಡಲೇ ಹಳೇ ಸೀಟು ರದ್ದಾಗುತ್ತದೆ. ಆಮೇಲೆ ‘ಹಳೇದೇ ಚೆನ್ನಾಗಿತ್ತು’ ಅಂದರೆ ನಡೆಯುವುದಿಲ್ಲ. ಶುಲ್ಕ ಕಟ್ಟುವ ನಿಯಮ ವರ್ಷವರ್ಷ ಬದಲಾಗುತ್ತದೆ. ಆ ವರ್ಷದ ಸೂಚನೆ ಓದಿ.

ಈ ಮಧ್ಯೆ ಖಾಸಗಿ ಕಾಲೇಜಿನವರು ‘ಸೀಟ್ ಬ್ಲಾಕ್ ಮಾಡಿ, ಒರಿಜಿನಲ್ ಕೊಡಿ’ ಅಂತಾರೆ. ಕೊಡಬೇಡಿ. ಪರಿಶೀಲನೆಗೆ ತೋರಿಸಿ, ಜೆರಾಕ್ಸ್ ಕೊಟ್ಟು, ಒರಿಜಿನಲ್ ವಾಪಸ್ ತೆಗೆದುಕೊಳ್ಳಿ. ಯುಜಿಸಿ (ವಿಶ್ವವಿದ್ಯಾನಿಲಯ ಅನುದಾನ ಆಯೋಗ) 2018ರಲ್ಲೇ ಮೂಲ ದಾಖಲೆ ಇಟ್ಟುಕೊಳ್ಳುವಂತಿಲ್ಲ ಎಂದು ಹೇಳಿದೆ. ಆ ಸೂಚನೆಯಲ್ಲೇ ಶುಲ್ಕ ವಾಪಸಿನ ಲೆಕ್ಕವೂ ಇದೆ. ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕಿಂತ ಮುಂಚೆ ಬಿಟ್ಟರೆ ಪೂರ್ತಿ ಹಣ, ಅದರಲ್ಲಿ ಸಣ್ಣ ಸಂಸ್ಕರಣಾ ಶುಲ್ಕ ಮಾತ್ರ ಕಡಿತ. ಆ 15 ದಿನದೊಳಗೆ ಬಿಟ್ಟರೆ ಶೇ. 90. ಕೊನೆಯ ದಿನಾಂಕ ದಾಟಿ 15 ದಿನದೊಳಗಾದರೆ ಶೇ. 80, 30 ದಿನದೊಳಗಾದರೆ ಶೇ. 50. ಅದು ದಾಟಿದರೆ ಸೊನ್ನೆ. ಬಾಯಿಮಾತಿನಲ್ಲಿ ಬಿಟ್ಟೆ ಅಂದರೆ ಆಗದು. ಬರೆದು ಕೊಟ್ಟು ಸ್ವೀಕೃತಿ ಸಹಿ ಪಡೆಯಿರಿ. ಕೆಇಎ ಮೂಲಕ ಸಿಕ್ಕ ಸೀಟಿಗೆ ಕೆಇಎಯ ರದ್ದತಿ ನಿಯಮವೇ ಬೇರೆ.

ಹಂತ 6: ಈಗ ಟಿಸಿ

ಸೀಟು ಖಚಿತವಾದ ಮೇಲೆ ಟಿಸಿ. ಮೊದಲೇ ತೆಗೆದುಕೊಂಡರೆ ಏನಾಗುತ್ತದೆ? ಯಾವುದೋ ಕಾಲೇಜಿಗೆ ಒರಿಜಿನಲ್ ಟಿಸಿ ಕೊಟ್ಟುಬಿಡುತ್ತೀರಿ. ಎರಡನೇ ಸುತ್ತಿನಲ್ಲಿ ಬೇರೆ ಕಾಲೇಜು ಸಿಗುತ್ತದೆ. ಮೊದಲ ಕಾಲೇಜಿನವರು ಸೇರಿಸಿಕೊಂಡಾಗಿದೆ, ಅವರೇ ಹೊಸ ಟಿಸಿ ಕೊಡಬೇಕು. ಅದಕ್ಕೆ ಬಾಕಿ ಶುಲ್ಕದ ಮಾತು ಬರುತ್ತದೆ. ಅಲ್ಲಿಗೆ ಹದಿನೈದು ದಿನ ಹೋಯಿತು.

ಕೌಂಟರ್ ಬಿಡುವ ಮುಂಚೆ ಟಿಸಿಯನ್ನು ಓದಿ. ವಿದ್ಯಾರ್ಥಿ, ಅಪ್ಪ, ಅಮ್ಮನ ಹೆಸರು. ಹುಟ್ಟಿದ ದಿನಾಂಕ ಅಂಕಿಯಲ್ಲೂ ಅಕ್ಷರದಲ್ಲೂ ಒಂದೇ ಇದೆಯಾ? ಸ್ಯಾಟ್ಸ್ ಸಂಖ್ಯೆ, ಓದಿದ ಮಾಧ್ಯಮ, ತೇರ್ಗಡೆಯ ಸಾಲು, ಸೀಲು, ಸಹಿ. ಆಮೇಲೆ ಐದಾರು ಜೆರಾಕ್ಸ್ ಮಾಡಿಸಿ, ಒಂದು ಸ್ಕ್ಯಾನ್ ಇಟ್ಟುಕೊಳ್ಳಿ. ಕಳೆದರೆ ಎರಡನೇ ಪ್ರತಿಗೆ ಪೊಲೀಸ್ ದೂರು, ಅಫಿಡವಿಟ್ ಅಂತ ಓಡಾಟ ಶುರುವಾಗುತ್ತದೆ.

ಕಾಗದದ ಟಿಸಿ ಕೈಗೆ ಬಂದರೂ ಸ್ಯಾಟ್ಸ್‌ನಲ್ಲಿ ಹೆಸರು ಹಳೇ ಶಾಲೆಯಲ್ಲೇ ಉಳಿದಿರಬಹುದು. ಹೊಸ ಕಾಲೇಜಿನವರು ‘ನಿಮ್ಮ ಹೆಸರು ಬರುತ್ತಿಲ್ಲ’ ಅಂದರೆ ಕಾರಣ ಇದೇ. ಹಳೇ ಶಾಲೆಯವರು ಆನ್‌ಲೈನ್‌ನಲ್ಲೂ ಬಿಡುಗಡೆ ಮಾಡಬೇಕು. ಒಂದು ಫೋನ್ ಕರೆಯಲ್ಲಿ ಮುಗಿಯುವ ಕೆಲಸ, ಕೇಳದಿದ್ದರೆ ಮಾತ್ರ ವರ್ಷವಿಡೀ ಹಾಗೇ ಇರುತ್ತದೆ.

ಶುಲ್ಕ ಬಾಕಿ ಅಂತ ಶಾಲೆಯವರು ಟಿಸಿ ಹಿಡಿದಿಟ್ಟರೆ ಜಗಳ ಬೇಡ. ಅರ್ಜಿ ಬರೆದು ಕೊಡಿ, ಪ್ರತಿ ಇಟ್ಟುಕೊಳ್ಳಿ, ಆಗದಿದ್ದರೆ ಅದೇ ಪ್ರತಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ದೂರು ಕೊಡಿ. ಎಂಟನೇ ತರಗತಿವರೆಗಿನ ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಕೇಳಿದ ಕೂಡಲೇ ಟಿಸಿ ಕೊಡಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ.

ವಲಸೆ ಪ್ರಮಾಣಪತ್ರ ಬೇಕಾಗುವುದು ಮಂಡಳಿ ಅಥವಾ ವಿಶ್ವವಿದ್ಯಾನಿಲಯ ಬದಲಾದಾಗ. ಸಿಬಿಎಸ್‌ಇಯಿಂದ ರಾಜ್ಯದ ಪಿಯುಸಿಗೆ ಬರುವವರಿಗೆ ಬೇಕು. ಮಂಡ್ಯ ಜಿಲ್ಲೆಯವರು ಇನ್ನೊಂದು ಕಡೆ ಎಡವುತ್ತಾರೆ. ಮಂಡ್ಯ ವಿಶ್ವವಿದ್ಯಾನಿಲಯ 2019ರಲ್ಲಿ ಶುರುವಾಯಿತು. ಅಣ್ಣನ ಅಂಕಪಟ್ಟಿ ಮೈಸೂರು ವಿಶ್ವವಿದ್ಯಾನಿಲಯದ್ದು, ತಮ್ಮನದು ಮಂಡ್ಯದ್ದು, ಓದಿದ ಕಾಲೇಜು ಒಂದೇ! ತಮ್ಮ ಎಂಎಗೆ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಗೆ ಹೋಗುವಾಗ ವಿಶ್ವವಿದ್ಯಾನಿಲಯ ಬದಲಾದಂತೆಯೇ ಲೆಕ್ಕ. ಅಣ್ಣ ತೆಗೆದುಕೊಂಡಿರಲಿಲ್ಲ ಅಂತ ಸುಮ್ಮನಿರಬೇಡಿ. ನಿಮ್ಮ ಅಂಕಪಟ್ಟಿಯ ತಲೆಬರಹ ನೋಡಿ.

ಹಂತ 7: ಸ್ಕಾಲರ್‌ಶಿಪ್, ಹಾಸ್ಟೆಲ್, ಓಡಾಟ

ರಾಜ್ಯದ ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ ಪೋರ್ಟಲ್. ಹಾಸ್ಟೆಲ್‌ಗೆ ಅರ್ಜಿ ಬೇರೆ. ಒಂದನ್ನು ಹಾಕಿದರೆ ಇನ್ನೊಂದು ತಾನಾಗಿ ಆಗುವುದಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಊಟ, ವಸತಿಗೆ ಹಣ ಕೊಡುವ ವಿದ್ಯಾಸಿರಿ ಯೋಜನೆ ಇದೆ. ಹಾಸ್ಟೆಲ್‌ನಲ್ಲಿ ಇರುವವರಿಗೆ ಅದು ಬರುವುದಿಲ್ಲ.

ಅರ್ಜಿ ಮಂಜೂರಾಗಿ ಹಣ ಬಾರದಿದ್ದರೆ ಮೊದಲು ಕಾಲೇಜಿಗೆ ಹೋಗಬೇಡಿ, ಬ್ಯಾಂಕಿಗೆ ಹೋಗಿ. ಹಣ ಬರುವುದು ನೀವು ಬರೆದ ಖಾತೆ ಸಂಖ್ಯೆಗಲ್ಲ, ಆಧಾರ್ ಮ್ಯಾಪ್ ಆಗಿರುವ ಖಾತೆಗೆ. ಇದನ್ನೇ ಎಲ್ಲರೂ ಎನ್‌ಪಿಸಿಐ ಮ್ಯಾಪಿಂಗ್ ಅಂತಾರೆ. ಖಾತೆಗೆ ಆಧಾರ್ ಕೊಟ್ಟಿದ್ದೇನೆ ಅಂದರೆ ಮ್ಯಾಪಿಂಗ್ ಆಗಿದೆ ಅಂತಲ್ಲ, ಅದಕ್ಕೆ ಬ್ಯಾಂಕಿನಲ್ಲಿ ಬೇರೆ ಫಾರಂ ಇದೆ. ಆಧಾರ್ ವೆಬ್‌ಸೈಟಿನಲ್ಲಿ ಯಾವ ಬ್ಯಾಂಕಿಗೆ ಮ್ಯಾಪ್ ಆಗಿದೆ ಅಂತ ನೋಡಬಹುದು. ಎಷ್ಟೋ ಸಲ ದುಡ್ಡು ಮರೆತುಹೋದ ಹಳೇ ಖಾತೆಗೆ ಹೋಗಿ ಕೂತಿರುತ್ತದೆ.

ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ದಿನಾ ಹೋಗಿ ಬರುವವರು ಬಹಳ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ವೇಗದೂತ ಬಸ್ ಉಚಿತ. ಹುಡುಗರು ಪ್ರವೇಶ ರಸೀದಿ ಕೈಗೆ ಬಂದ ವಾರವೇ ರಾಜ್ಯ ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ ಬಸ್ ಪಾಸ್‌ಗೆ ಅರ್ಜಿ ಹಾಕಲಿ. ರೈಲಿನಲ್ಲಿ ಹೋಗುವವರು ವಿದ್ಯಾರ್ಥಿ ರಿಯಾಯಿತಿ ಫಾರಂ ಅನ್ನು ಕಾಲೇಜಿನಿಂದ ಕೇಳಿ ಪಡೆಯಿರಿ.

ಹಂತ 8: ಓದಿನಿಂದ ಕೆಲಸಕ್ಕೆ

ಕೊನೆಯ ಸೆಮಿಸ್ಟರ್ ಫಲಿತಾಂಶ ಬಂದ ಕೂಡಲೇ ತಾತ್ಕಾಲಿಕ ಪದವಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಘಟಿಕೋತ್ಸವದವರೆಗೆ ಕಾಯಬೇಡಿ. ಕಂಪನಿ ಕೇಳುವುದು ಇದನ್ನೇ.

ಅಪ್ರೆಂಟಿಸ್ ಆಗುವ ಮನಸ್ಸಿದ್ದರೆ ಅದನ್ನು ಕೆಲಸಕ್ಕಿಂತ ಮೊದಲು ಮಾಡಿ. ಒಂದು ವರ್ಷಕ್ಕಿಂತ ಹೆಚ್ಚು ಕೆಲಸದ ಅನುಭವ ಇರುವವರು ಬೇಡ ಅಂತ ಎಷ್ಟೋ ಅಧಿಸೂಚನೆಗಳಲ್ಲಿ ಇರುತ್ತದೆ. ಐಟಿಐ ಮುಗಿಸಿದವರಿಗೆ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್, ಡಿಪ್ಲೊಮಾ ಮತ್ತು ಡಿಗ್ರಿಯವರಿಗೆ ನ್ಯಾಟ್ಸ್ ಪೋರ್ಟಲ್. ಮೈಸೂರಿನ ಅಶೋಕಪುರಂ ರೈಲ್ವೆ ವರ್ಕ್‌ಶಾಪ್‌ನಂಥ ಕಡೆ ಎಸ್‌ಎಸ್‌ಎಲ್‌ಸಿ ಮತ್ತು ಐಟಿಐ ಅಂಕಗಳ ಮೇಲೆ ಪಟ್ಟಿ ಮಾಡುತ್ತಾರೆ. ಖಾಸಗಿ ಕಾರ್ಖಾನೆ ಸೇರಿದ್ದರೆ ಒಂದು ಎಚ್ಚರ. ನಿಮ್ಮ ಒಪ್ಪಂದ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆಯಾ ಅಂತ ಮೊದಲ ತಿಂಗಳಲ್ಲೇ ನೋಡಿ. ಆಗಿರದಿದ್ದರೆ ವರ್ಷವಿಡೀ ದುಡಿದರೂ ಅಪ್ರೆಂಟಿಸ್ ಪ್ರಮಾಣಪತ್ರ ಬರುವುದಿಲ್ಲ.

ತೇರ್ಗಡೆಯಾಗಿ 180 ದಿನವಾದರೂ ಕೆಲಸ ಸಿಗದವರಿಗೆ ಯುವನಿಧಿ ಇದೆ. ಡಿಗ್ರಿಯವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಮುಂದೆ ಓದಲು ಸೇರಿದವರಿಗೆ, ಅಪ್ರೆಂಟಿಸ್ ಆದವರಿಗೆ ಇಲ್ಲ. ಅರ್ಜಿ ಸೇವಾಸಿಂಧುವಿನಲ್ಲಿ. ನಿರುದ್ಯೋಗಿ ಎಂಬ ಸ್ವಯಂಘೋಷಣೆಯನ್ನು ಕಾಲಕಾಲಕ್ಕೆ ಕೊಡದಿದ್ದರೆ ಹಣ ನಿಲ್ಲುತ್ತದೆ.

ದುಡಿಯುತ್ತಲೇ ಓದು ಮುಂದುವರಿಸುವವರಿಗೆ ಮೈಸೂರಿನ ಮುಕ್ತಗಂಗೋತ್ರಿಯಲ್ಲೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇದೆ. 2022ರಿಂದ ಒಂದೇ ಕಾಲಕ್ಕೆ ಎರಡು ಪದವಿ ಓದಲೂ ಯುಜಿಸಿ ಒಪ್ಪಿದೆ. ಮಧ್ಯೆ ಒಂದೆರಡು ವರ್ಷ ಓದು ಬಿಟ್ಟಿದ್ದವರಿಗೆ ಮತ್ತೆ ಸೇರುವಾಗ ಗ್ಯಾಪ್ ಅಫಿಡವಿಟ್ ಕೇಳಬಹುದು. ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿ. ಆ ಅವಧಿಯಲ್ಲಿ ಕೆಲಸ ಮಾಡಿದ್ದರೆ ಅದನ್ನೇ ಬರೆಯಿರಿ, ಮುಚ್ಚಿಡುವ ಅಗತ್ಯ ಏನೂ ಇಲ್ಲ.

ಮೊದಲ ಕೆಲಸದಲ್ಲಿ ಪಿಎಫ್‌ಗಾಗಿ ಯುಎಎನ್ ಸಂಖ್ಯೆ ಸಿಗುತ್ತದೆ. ಅದು ಆಧಾರ್‌ನಲ್ಲಿರುವ ಹೆಸರಿನಂತೆಯೇ ಆಗುತ್ತದೆ. ಹಂತ 1 ಸರಿಯಾಗಿ ಮಾಡಿದ್ದರೆ ಇಲ್ಲಿ ಐದು ನಿಮಿಷದ ಕೆಲಸ. ಎರಡನೇ ಕಂಪನಿಗೆ ಹೋದಾಗ ಹಳೇ ಸಂಖ್ಯೆಯನ್ನೇ ಕೊಡಿ. ಹೊಸದು ಮಾಡಿಸಿದರೆ ಹಳೇ ಕಂಪನಿಯ ಪಿಎಫ್ ಹಣ ತೆಗೆಯಲು ಪರದಾಡಬೇಕಾಗುತ್ತದೆ. ಕೆಲಸ ಬಿಡುವಾಗ ರಿಲೀವಿಂಗ್ ಲೆಟರ್, ಕೊನೆಯ ಮೂರು ತಿಂಗಳ ಸಂಬಳದ ಚೀಟಿ ಕೈಗೆ ಬಂದ ಮೇಲೆಯೇ ಗೇಟ್ ದಾಟಿ. ಕೆಲಸ ಕೊಡಿಸುತ್ತೇವೆ ಅಂತ ಏಜೆಂಟರು ಒರಿಜಿನಲ್ ಅಂಕಪಟ್ಟಿ ಕೇಳಿದರೆ ಎದ್ದು ಬನ್ನಿ.